ಹಿತ್ತಲಿನ ಗುಂಡುಕಲ್ಲು

ಆಲೂರಿನ ಹಿಟ್ಟಿನ ಗಿರಣಿಯಲ್ಲಿ ಮೊದಲು ರಾಗಿ, ಅಕ್ಕಿ. ಮೆಣಸಿನಕಾಯಿ ತಂದವರ ಸರದಿ ಕೊನೆಗೆ. ೧೯೯೮ರ ಬೇಸಿಗೆಯಲ್ಲಿ ಹಾಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ಆಗತಾನೇ ಡಬ್ಬ ಹಿಡಿದು ಬಂದವಳನ್ನು ಮಾತಾಡಿಸಿದರು.

“ಏನ್ ಜವರಮ್ಮ, ಒರಳಲ್ಲಿ ರುಬ್ಬೋಳು ನೀನೂ ಗಿರಣಿಗೆ ಬಂದ್ಬುಟ್ಯಾ?”

“ಒರಳು ಐತೆ ಕಣಕ್ಕ. ಗುಂಡುಕಲ್ಲು ಹಿತ್ತಲಲ್ಲಿ ಬಿದ್ದೈತೆ. ನಮ್ ನೇತ್ರ ಅದನ್ನ ಎಸೀತಾಳೆ.”

“ಇನ್ನೂ ಗುಂಡೆಸೆತ ಬಿಟ್ಟಿಲ್ವಾ? ಎಸ್ಟೇಟ್ ಜೀಪ್ ಮಗುಚಿದಾಗ ಬಲಗೈ ಹೋಯ್ತಲ್ಲೇ!”

“ಎಡಗೈಲಿ ಎಸೀತಾಳೆ.”

“ಎಷ್ಟು ದೂರ ಹೋಯ್ತದೆ?”

“ಮುಂಚೆ ಹಲಸಿನ ಮರ ದಾಟ್ತಿತ್ತು. ಈಗ ಕಾಲ ಹತ್ರಾನೇ ಬೀಳ್ತದೆ. ಬಿದ್ದ ಕಡೆ ಕಡ್ಡೀಲಿ ಗೆರೆ ಎಳೀತಾಳೆ. ನಾಕು ತಿಂಗಳಿಂದ ಅದೇ ಗೆರೆ.”

“ಡಾಕ್ಟ್ರು ಏನಂದ್ರು?”

“ಆಟ ಮರ್ತುಬುಡಮ್ಮ ಅಂದ್ರು. ಹೂಂ ಸಾರ್ ಅಂದ್ಲು. ಮನೆಗೆ ಬಂದೋಳು ಸೀದಾ ಹಿತ್ತಲಿಗೆ ಹೋದ್ಲು.”

“ಆ ಕಲ್ಲು ಕಾಲ ಮೇಲೆ ಬಿದ್ರೆ ಅದೂ ಹೋಯ್ತದೆ. ಎಲ್ಲಾದ್ರೂ ಬಚ್ಚಿಡು.”

“ಬಚ್ಚಿಟ್ಟಿದ್ದೆ. ಎರಡು ದಿನ ಊಟಾನೂ ಮಾಡಲಿಲ್ಲ, ಮಾತೂ ಆಡಲಿಲ್ಲ.”

“ಖಾರದೋರು ಬನ್ನಿ,” ಎಂದು ಗಿರಣಿಯವನು ಕೂಗಿದ. ಹಿರಿಯ ಹೆಂಗಸು ಡಬ್ಬ ಎತ್ತಿಕೊಂಡು ಎದ್ದರು.

“ಕೇಳ್ದಲೇ ಇದ್ರೆ ನಾಕು ಬೈದು ನಿಲ್ಲಿಸು. ತಾಯಿ ಅಲ್ವೇನೇ ನೀನು?”

“ನಿಲ್ಲಿಸೋಕೆ ಬೈಬೇಕಾಗಿಲ್ಲ ಕಣಕ್ಕ. ಒಂದು ಕೈಲಿ ಆ ಕಲ್ಲು ನೆಲದಿಂದ ಎತ್ತೋಕೆ ಅವಳಿಗೆ ಆಗಲ್ಲ. ದಿನಾ ಎತ್ತಿ ಹೆಗಲ ಮೇಲೆ ಇಡೋಳು ನಾನೇ.”

ಇಬ್ಬರೂ ಒಳಗೆ ಹೋದರು.