ಹಳೆ ಹಡಗಿನ ಪಿನ್ನು

ಬಸ್ಸಿನ ಗದ್ದಲಕ್ಕೆ ಮುಂದಿನ ಸೀಟಿನವರು ದನಿ ಏರಿಸಿದ್ದರು. ಹಿಂದೆ ಕೂತಿದ್ದ ದರ್ಜಿ ಬೇಡವೆಂದರೂ ಕೇಳಲೇಬೇಕಾಯಿತು. ನೌಕಾಪಡೆಯ ಸಮವಸ್ತ್ರದ ಯುವತಿ, ಪಕ್ಕದಲ್ಲಿ ಅವಳ ದೊಡ್ಡಪ್ಪ.

“ಟ್ಯಾಂಕುಗಳನ್ನ ದಡಕ್ಕಿಳಿಸಿ ವಾಪಸ್ ಹೊರಟ್ರೆ, ನಮ್ಮ ಹಡಗಿನ ಮೂತಿ ಬಾಗಿಲು ಮುಚ್ಚಲೇ ಇಲ್ಲ. ಕೀಲಿನ ಪಿನ್ನು ಮುರಿದಿತ್ತು.”

“ಆ ಪಿನ್ನು ಈಗ ಯಾರೂ ಮಾಡಲ್ವಲ್ಲೇ.”

“ಅದಕ್ಕೇ ಹಡಗುಕಟ್ಟೇಲಿ ಮೂಲೆ ಸೇರಿರೋ ನಿಮ್ಮ ಹಳೆ ಹಡಗಿನ ಉಗ್ರಾಣ ಜಾಲಾಡಿದ್ವಿ. ಸಿಕ್ತು, ಒಂದು ಚೂರೂ ತುಕ್ಕಿಲ್ಲ! ಅಳತೆ ತೆಗೆದು ಮಾಡಿದ ಹಾಗೆ ಕೂತ್ಕೊಳ್ತು.”

“ಕೂತ್ಕೊಳ್ದೆ ಏನು? ಎರಡು ಹಡಗೂ ಒಂದೇ ತಾಯಿ ಮಕ್ಕಳು.”

“ಸುತ್ತಿದ್ದ ಬಟ್ಟೆ ಮೇಲೆ ಗ್ರೀಸ್ ಹಚ್ಚಿದ ತಾರೀಕುಗಳಿದ್ವು, ನಿಮ್ಮದೇ ಕೈಬರಹ. ಕೊನೇದು ಹೋದ ತಿಂಗಳದ್ದು. ನೀವು ನಿವೃತ್ತರಾಗಿ ಆರು ವರ್ಷ ಆಯ್ತಲ್ಲ ದೊಡ್ಡಪ್ಪ?”

ಮುದುಕ ಕಿಟಕಿಯತ್ತ ತಿರುಗಿದ.

“ಕಾವಲಿನವನು ಹಳೇ ಗೆಳೆಯ, ಒಳಗೆ ಬಿಡ್ತಾನೆ. ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ. ನಮ್ಮವರು ವಾಕಿಂಗ್ ತಪ್ಪಿಸೋದೇ ಇಲ್ಲ ಅಂತ ಊರಿಗೆಲ್ಲ ಹೇಳ್ಕೊಂಡಿದ್ದಾಳೆ.”

“ಅಯ್ಯೋ, ಮನೆ ಸ್ಟಾಪ್ ದಾಟಿಹೋಯ್ತು!”

“ಗೊತ್ತು. ಇದು ವಾಕಿಂಗ್ ಹೊತ್ತು.”

ಯುವತಿ ನಗುತ್ತಾ ಸಮವಸ್ತ್ರದ ತೋಳು ಮಡಚಿಕೊಂಡಳು. ಹಡಗುಕಟ್ಟೆಯ ಗೇಟಿನೆದುರು ಇಬ್ಬರೂ ಇಳಿದರು.