ಮ್ಯಾಲಿನ ಖೋಲಿಯವಂಗ ಸನ್ಮಾನ

…ಅಲ್ಲ, ಉಂಡನೋ ಇಲ್ಲೋ, ಅದನ್ನರ ಹೇಳ! ತಾಟು ಹಂಗ ಹೊಳ್ಳಿ ತಂದೀಯಲ್ಲ ಚನ್ನವ್ವಾ? ಬಿಡ, ಉಪಾಸ ಇರ್ಲಿ. ಮ್ಯಾಲಿನ ಖೋಲಿ ನಮ್ಮದು, ರೊಟ್ಟಿ ನಮ್ಮದು, ಸಿಟ್ಟು ಮಾತ್ರ ರಫಾಯೆಲ್ ಸಾಹೇಬ್ರದು!

ವಿರೋಧ ಪಕ್ಷದ ಲೀಡರ್ ಅಂತ, ಲೀಡರ್! ದಕ್ಷಿಣ ಅಮೇರಿಕಾದಾಗ ಅವನ ದೇಶ ಎಲ್ಲೈತಿ ಅಂತ ನಾವಿರೋ ಈ ಪರದೇಶದ ಊರಾಗ, ಇಡೀ ಕ್ವೀನ್ಸ್‌ಬರಿಯಾಗ ಒಬ್ಬಂಗೂ ಗೊತ್ತಿಲ್ಲ. ಸರ್ಕಾರದ ಕಡ್ಯಾವ್ರು ಪಾರ್ಟಿ ಆಫೀಸಿಗೆ ಬೆಂಕಿ ಹಚ್ಚಿದ್ರಂತ, ಇವ ಹಿತ್ತಲ ಗ್ವಾಡಿ ಜಿಗದು ಓಡಿ ಬಂದ. ನಮ್ಮ ಕಡೆ ಲೀಡರ್ ನೋಡು… ಮುಂಜಾನೆ ಒಂದ್ ಪಾರ್ಟಿ, ಸಂಜೀಕ ಒಂದ್ ಪಾರ್ಟಿ. ಯಾರರ ಬಡೀತಾರ? ಯಾಕ ನಗ್ತಿ? ನಗಲಿಲ್ಲಾ? ಮತ್ತ ತುಟಿ ಯಾಕ ಹಂಗ ಮಾಡಿದಿ?

ಆತವಾ, ಅಲ್ಲಿ ಅವನ ದೇಶದಾಗ ಅವನ ತಮ್ಮನ್ನ ನಿನ್ನೆ ಮನಿ ಹೊಕ್ಕು ಬಡದಾರ. ದವಾಖಾನ್ಯಾಗ ಇನ್ನೂ ಕಣ್ಣ ತೆಗದಿಲ್ಲ. ನಂಗೂ ಕೆಟ್ಟ ಅನಸ್ತೈತಿ. 'ನಮ್ಮಣ್ಣ ಸತ್ತಾನ' ಅಂತ ಸುಳ್ಳ ಹೇಳಿ ಎರಡ ವರ್ಷ ಇವನ ಜೀವ ಕಾಯ್ದಿದ್ನಂತ ಆ ಹುಡುಗ. ಆ ಸರ್ಕಾರದ ಮಂದಿ ಇವನ ಫೋಟೋ ತಂದು ಮುಖದ ಮುಂದ ಹಿಡದ್ರಂತ… ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ್ದು! ಶಾಲು, ಹಾರ, ಮೈಸೂರು ಪೇಟಾ! ಕೆಳಗ ಹೆಸರು, ಊರು!

ಅದಕ್ಕ ನಾ ಏನ್ ಮಾಡ್ಲಿ? ಅತಿಥಿ ಕೈ ಕೊಟ್ಟಾ, ತಂದಿದ್ದ ಪೇಟಾ ಯಾರ ತಲೀಗರ ಇಡಬೇಕಿತ್ತು. ಫೇಸ್‌ಬುಕ್ಕಿಗೆ ಹಾಕಿದಾವ ಸಂಘದ ಆ ಪ್ರಸಾದ ಇರಬೇಕು. ಬೆಂಗ್ಳೂರು ಮಂದಿ, ಕೈಯಾಗ ಮೊಬೈಲ್ ಬಂದ್ರ ಮುಗೀತು! ಇವಂಗ ಒಲ್ಲೆ ಅನ್ನಾಕ ಬಾಯಿ ಇರಲಿಲ್ಲೇನು? ನಕ್ಕೊಂತ ನಿಂತಿದ್ದ!

…ಏನದು? ಫೋನಿನಾಗ ಆ ಫೋಟೋ ಯಾಕ ಹಿಡೀತಿ? ನೋಡೇನಿ ಬಿಡ. ಅದನ್ನ ದೊಡ್ಡದ ಮಾಡಬ್ಯಾಡ.

ಹಂಗ ನೋಡಬ್ಯಾಡಲೇ… ಆತು, ನಾನ ಹಾಕೇನಿ! ಪ್ರಸಾದ ಅಲ್ಲ, ನಾನ! ನೋ, ನೋ ಅಂದ, ಹತ್ತ ಸಲ ಅಂದ. ನಮ್ಮ ಮಂದಿ ಸನ್ಮಾನ ಅಂದ ಕೂಡ್ಲೆ ಬ್ಯಾಡ್ರಿ, ಬ್ಯಾಡ್ರಿ ಅಂತಾರಿಲ್ಲೋ? ಅಂದ್ಕೊಂತನ ತಲಿ ಬಗ್ಗಸ್ತಾರಿಲ್ಲೋ? ನಿಮ್ಮಪ್ಪ ಅಂದಿದ್ದಿಲ್ಲೇನು? ಇವಂದೂ ಅದ ಸಂಕೋಚ ಅನ್ಕೊಂಡೆ ನಾ…

ಚನ್ನವ್ವಾ, ಬೈಯರ ಬೈ. ಆ ಫೋಟೋದ ಮ್ಯಾಲ ಬೆರಳಿಟ್ಟು ಏನ್ ತೋರಸ್ತಿ?

ಹೌದ… ಮುಖಕ್ಕ ಕೈ ಅಡ್ಡ ಹಿಡದಿದ್ದ. ಆ ಕೈನ ಕೆಳಗ ಜಗ್ಗಾಕತ್ತಿದ್ದ, ಫೋಟೋದ ಅಂಚಿನ್ಯಾಗಿನ ಇನ್ನೊಂದ ಕೈ… ನಿಮ್ಮನ್ಯಾವ್ರು ಮದುವ್ಯಾಗ ಹಾಕಿದ ಉಂಗುರ ಅದು. ಗುರ್ತ ಹಿಡದಿ.