ಗಂಡನ ಹೆಸರು ಹೇಳದವಳು

೧೯೫೭ರ ಚುನಾವಣೆ. ಶಿಡ್ಲಘಟ್ಟದ ಕಡೆಯ ನಮ್ಮೂರಿನ ಮತಗಟ್ಟೆಯಲ್ಲಿ ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಒಳಗೆ ಹೋಗಿದ್ದ ರಾಮಲಕ್ಷ್ಮಮ್ಮ ಅಳುತ್ತಾ ಹೊರಬಂದಳು. ನನ್ನ ಮುಂದಿದ್ದ ಅವಳ ಅಕ್ಕ ಅಮ್ಮಾಜಮ್ಮ ತಡೆದು ಕೇಳಿದಳು.

"ಏನಾಯ್ತೇ?"

"ಯಾವಳೋ ನನ್ನ ಹೆಸರು ಹೇಳಿ ಓಟು ಹಾಕಿ ಹೋಗವ್ಳೆ ಅಕ್ಕ."

"ನಾನೇ ರಾಮಲಕ್ಷ್ಮಮ್ಮ ಅನ್ನಬೇಕಾಗಿತ್ತು."

"ಅಂದೆ. ಹಂಗಾದ್ರೆ ಗಂಡನ ಹೆಸರು ಹೇಳಮ್ಮ ಅಂದ್ರು."

"ಹೇಳಿದ್ಯಾ?"

"ಹೆಂಗೆ ಹೇಳ್ಲಿ? ಬಾಯಿಗೆ ಸೆರಗಿಟ್ಕೊಂಡು ನಿಂತೆ. ಮುಂಚೆ ಬಂದೋಳು ಪಟ್ಟಂತ ಹೇಳಿದ್ಲಂತೆ. ನೀನೇ ಸುಳ್ಳಿ ಅಂತ ಆಚೆಗೆ ಕಳಿಸಿದ್ರು."

"ಥೂ! ನಿನ್ನ ಗಂಡನ ಹೆಸರು ಕಂಡೋಳ ಬಾಯಲ್ಲಿ ಬರ್ತದೆ, ನಿನ್ನ ಬಾಯಲ್ಲಿ ಬರಲ್ಲ. ನಾಳೆ ಅವಳೇ ಹೋಗಿ ನಿನ್ನ ಹಿಪ್ಪುನೇರಳೆ ತೋಟಕ್ಕೂ ಹೆಬ್ಬೆಟ್ಟು ಒತ್ತಿ ಬರ್ತಾಳೆ. ಆಗ್ಲೂ ಸೆರಗು ಕಚ್ಕೊಂಡು ನಿಂತ್ಕೋ!"

"ಹೇಳಿದ್ರೆ ಅವರ ಆಯಸ್ಸು ಕಮ್ಮಿ ಆಗ್ತದಂತಲ್ಲಕ್ಕ."

"ಅಷ್ಟೊಂದು ಬೀಡಿ ಸೇದಿದ್ರೂ ಕಮ್ಮಿ ಆಗದೇ ಇರೋದು, ನೀನು ಕೂಗಿದ್ರೆ ಆಗ್ಬಿಡ್ತದಾ? ನಡಿ ಒಳಕ್ಕೆ!"

ಅಮ್ಮಾಜಮ್ಮ ತಂಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಚಿಕ್ಕವೆಂಕಟಪ್ಪ! ನನ್ನ ಗಂಡ ಚಿಕ್ಕವೆಂಕಟಪ್ಪ!" ಎಂಬ ಕೂಗು ಕೇಳಿತು.

ಗಂಡಸರ ಸಾಲಿನಲ್ಲಿ ಬೀಡಿ ಸೇದುತ್ತಾ ನಿಂತಿದ್ದ ಅವಳ ಗಂಡ ಬೆಚ್ಚಿ ತಿರುಗಿ, "ಯಾರದು?" ಎಂದ.

ಅಕ್ಕನ ಸಾಕ್ಷಿಯ ಮೇಲೆ ಬೇರೆ ಮತಚೀಟಿ ಪಡೆದು ಓಟು ಹಾಕಿ ಬಂದ ರಾಮಲಕ್ಷ್ಮಮ್ಮ, "ನಾನೇ," ಎಂದು ಅವನಿಗೆ ಹೇಳಿ ಅಕ್ಕನ ಹಿಂದೆ ಮನೆಯ ಕಡೆ ನಡೆದಳು.